ಉದ್ರಿ ಕೊಟ್ಟವನಿಗೆ ಓಟಿಲ್ಲ

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಚೀಲದ ಯೂನಿಟ್ ಇದೆ. ಬೇಳೆ ಮಿಲ್‌ನವರೇ ಜಾಸ್ತಿ ಗಿರಾಕಿಗಳು. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಉದ್ರಿ ಇಲ್ಲದೆ ವ್ಯಾಪಾರ ನಡೆಯೋದಿಲ್ಲ. ತೊಗರಿ ಸೀಸನ್ ಮುಗಿದ ಮೇಲೆ ದುಡ್ಡು ಬರುತ್ತೆ, ತಡವಾದರೂ ಬರುತ್ತೆ. ಅದೇ ಧೈರ್ಯದಲ್ಲಿ ಒಂದು ದೊಡ್ಡ ಕಂಪನಿಗೆ 11 ಲಕ್ಷದ ಮಾಲು ಉದ್ರಿ ಕೊಟ್ಟು ಕೂತೆ. ಹೆಸರು ಬೇಡ ಬಿಡಿ.

ಒಂದಿನ ನಮ್ಮ ಗಾಡಿ ಡ್ರೈವರ್ ಫೋನ್ ಮಾಡಿದ. "ಅಣ್ಣಾ, ಗೇಟಿಗಿ ಏನೋ ನೋಟಿಸ್ ಹಚ್ಯಾರ. ಮಾಲ್ ಇಳಿಸ್ಲೋ, ಬ್ಯಾಡೋ?" ವಾಪಸ್ ತಗೊಂಡು ಬಾ ಅಂದೆ. ಆ ನೋಟಿಸ್ ದಿವಾಳಿ ಪ್ರಕ್ರಿಯೆಯದ್ದು ಅಂತ ಸಂಜೆ ನಮ್ಮ ಆಡಿಟರ್ ಸಾಹೇಬರು ತಿಳಿಸಿದರು.

2016ರ ದಿವಾಳಿ ಸಂಹಿತೆ ಸಾಲಗಾರ ಕಂಪನಿಯನ್ನು ಮಾಲೀಕರ ಕೈಯಿಂದ ತೆಗೆದು, ಸಾಲ ಕೊಟ್ಟವರ ಸಮಿತಿಗೆ ಒಪ್ಪಿಸುತ್ತೆ. ಕೇಳೋಕೆ ಚೆಂದ, ಅಲ್ವಾ? ಆದರೆ ಆ ಸಮಿತಿಯಲ್ಲಿ ಓಟು ಹಾಕೋರು ಬ್ಯಾಂಕು, ಫೈನಾನ್ಸ್‌ನಂಥ ಹಣಕಾಸು ಸಾಲದವರು. ಮಾಲು ಕೊಟ್ಟ ನನ್ನಂಥವರನ್ನು ಕಾನೂನು 'ಆಪರೇಷನಲ್ ಕ್ರೆಡಿಟರ್' ಅನ್ನುತ್ತೆ. ನಮ್ಮೆಲ್ಲರ ಬಾಕಿ ಸೇರಿ ಕಂಪನಿಯ ಸಾಲದ 10 ಪರ್ಸೆಂಟ್ ಆದರೆ ನಮ್ಮ ಪ್ರತಿನಿಧಿ ಸಭೆಗೆ ಹೋಗಿ ಕೂರಬಹುದು. ಓಟು ಆಗಲೂ ಇಲ್ಲ. ಇನ್ನು ನಾವೇ ಮೊದಲು ಕೇಸ್ ಹಾಕೋಣ ಅಂದರೆ, 2020ರ ಮಾರ್ಚ್‌ನಿಂದ ಕನಿಷ್ಠ ಬಾಕಿ 1 ಲಕ್ಷದ ಬದಲು 1 ಕೋಟಿ ಇರಬೇಕು. ನನ್ನ 11 ಲಕ್ಷಕ್ಕೆ ಆ ಬಾಗಿಲೂ ಮುಚ್ಚಿತು.

ಬ್ಯಾಂಕುಗಳಿಗೆ ಕಂಪನಿ ನಡೆಯುತ್ತೋ ಇಲ್ಲವೋ ಅಳೆದು ನೋಡೋ ಶಕ್ತಿ ಇದೆ, ಅದಕ್ಕೇ ಈ ಭೇದ ಸರಿ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ನಾನು ಅಷ್ಟು ಓದಿದವನಲ್ಲ. ಆದರೂ ಕೇಳ್ತೀನಿ, ಅಷ್ಟು ಅಳೆಯೋಕೆ ಬರುತ್ತಿದ್ದರೆ ಈ ಕಂಪನಿಗೆ ಅಷ್ಟೊಂದು ಸಾಲ ಯಾಕೆ ಕೊಟ್ಟರು?

ಮೊರಟೋರಿಯಂ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ಕೇಸ್ ಅಡ್ಮಿಟ್ ಆದ ದಿನದಿಂದ ಯಾರೂ ವಸೂಲಿಗೆ ಹೋಗುವಂತಿಲ್ಲ. ಇಲ್ಲದಿದ್ದರೆ ಒಬ್ಬ ಮೋಟರ್ ಎತ್ತಿಕೊಂಡು ಹೋಗ್ತಾನೆ, ಇನ್ನೊಬ್ಬ ಜನರೇಟರ್. ಕೊನೆಗೆ ಗೋಡೆ ಉಳಿಯುತ್ತೆ.

ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಹಣಕ್ಕೊಂದು ಸಾಲು ಇದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದರ ಜೊತೆಗೇ ತನ್ನ ಅಡಮಾನದ ಆಸ್ತಿಯನ್ನು ತಾನೇ ಮಾರಿಕೊಳ್ಳದೆ ಎಲ್ಲರ ಲೆಕ್ಕಕ್ಕೆ ಬಿಟ್ಟುಕೊಟ್ಟ ಬ್ಯಾಂಕು. ಕಾರ್ಮಿಕರು ಮುಂದಿರೋದು ನ್ಯಾಯವೇ. ನಾವು ಸರ್ಕಾರದ ಬಾಕಿಗಿಂತಲೂ ಹಿಂದೆ, ಷೇರುದಾರರಿಗಿಂತ ಸ್ವಲ್ಪ ಮುಂದೆ. ಮುಚ್ಚದೆ ಬೇರೆಯವರು ಕೊಂಡರೂ, ಮುಚ್ಚಿದ್ದರೆ ನಮಗೆ ಎಷ್ಟು ಸಿಗುತ್ತಿತ್ತೋ ಕನಿಷ್ಠ ಅಷ್ಟು ಕೊಡಬೇಕು ಅನ್ನೋ ರಕ್ಷಣೆ ಇದೆ. ಬಹಳ ಸಲ ಆ ಲೆಕ್ಕವೇ ಸೊನ್ನೆ!

ಬೀದರ್ ಕಡೆಯ ಕಬ್ಬಿನ ರೈತರನ್ನು ಕೇಳಿ ನೋಡಿ. 14 ದಿನದಲ್ಲಿ ಬಿಲ್ ಕೊಡಬೇಕು ಅಂತ 1966ರ ಆದೇಶವೇ ಇದೆ. ಫ್ಯಾಕ್ಟರಿ ದಿವಾಳಿಗೆ ಹೋದರೆ ಅವರೂ ನನ್ನ ಸಾಲಿನಲ್ಲೇ ನಿಲ್ಲಬೇಕು.

ನಮ್ಮಂಥ ಸಣ್ಣ ಉದ್ಯಮಗಳಿಗೆ 45 ದಿನದಲ್ಲಿ ಹಣ ಕೊಡಬೇಕು ಅನ್ನೋ ಕಾನೂನೂ ಇದೆ. ನಾನು ದೂರು ಕೊಡಲಿಲ್ಲ. ಗಿರಾಕಿ ಹೋಗ್ತಾನೆ ಅಂತ ಸುಮ್ನೆ ಇದ್ದೆ. ಇದರಲ್ಲಿ ನನ್ನ ತಪ್ಪೂ ಉಂಟು.

ಎಲ್ಲರಿಗೂ ಓಟು ಕೊಡಿ ಅಂತ ನಾನು ಕೇಳ್ತಿಲ್ಲ. ಆ 10 ಪರ್ಸೆಂಟ್ ಷರತ್ತು ತೆಗೆದು, ನಮ್ಮ ಕಡೆಯವನೊಬ್ಬ ಪ್ರತಿ ಸಭೆಯಲ್ಲೂ ಕೂರಲಿ. ನಮ್ಮ ಹಣಕ್ಕೆ ಕತ್ತರಿ ಹಾಕುವಾಗ ಕಾರಣವನ್ನಾದರೂ ನಮ್ಮೆದುರು ಹೇಳಲಿ.

ಕ್ಲೇಮ್ ಮಾತ್ರ ಟೈಮಿಗೆ ಹಾಕಿದೆ. ಮಾಲು ಮುಟ್ಟಿದ್ದಕ್ಕೆ ಪುರಾವೆಯಾದ ಎರಡು ಚಲನ್ ಮೇಲೆ ಗೇಟ್ ಸಹಿ ಇರಲಿಲ್ಲ. 11 ಲಕ್ಷದಲ್ಲಿ 9 ಲಕ್ಷ 40 ಸಾವಿರ ಒಪ್ಪಿದರು. ಅದು ಕಾಗದದ ಮೇಲೆ.

ಒಂದು ತಿಂಗಳ ಮೇಲೆ ಅದೇ ಫ್ಯಾಕ್ಟರಿಯಿಂದ ಫೋನ್. ಈ ಸಲ ಮಾತಾಡಿದ್ದು ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ದಿವಾಳಿ ಪ್ರಕ್ರಿಯೆ ಮುಗಿಯೋವರೆಗೆ ಕಂಪನಿ ನೋಡಿಕೊಳ್ಳೋ ಅಧಿಕಾರಿಯ ಆಫೀಸಿನವರು. ಫ್ಯಾಕ್ಟರಿ ನಡೀತಿದೆ, ಚೀಲ ಬೇಕು ಅಂದರು. ಈಗ ಕೊಡೋ ಮಾಲು ಪ್ರಕ್ರಿಯೆಯ ಖರ್ಚಿನ ಲೆಕ್ಕಕ್ಕೆ ಬರುತ್ತೆ, ಅಂದರೆ ಎಲ್ಲರಿಗಿಂತ ಮೊದಲು ದುಡ್ಡು. ಅವತ್ತು ವಾಪಸ್ ತರಿಸಿದ ಲೋಡನ್ನೇ ಅದೇ ಗಾಡಿಯಲ್ಲಿ ಕಳಿಸಿದೆ. ಎಂಟು ದಿನಕ್ಕೆ ಹಣ ಬಂತು. ಹಳೇ 9 ಲಕ್ಷ 40 ಸಾವಿರದ ಬಗ್ಗೆ ಇನ್ನೂ ಒಂದು ಮೇಲ್ ಕೂಡ ಬಂದಿಲ್ಲ.