ಆ ಬಟ್ಟೆಗಳು ಪೊಲೀಸರು ವಶಪಡಿಸಿಕೊಂಡವಲ್ಲ

ಗೋಡೆಗೆ ತೂಗುಹಾಕಿದ ಜೀನ್ಸ್, ಟೀ ಶರ್ಟ್, ಪುಟ್ಟ ಹುಡುಗಿಯ ಫ್ರಾಕ್. 'ಅತ್ಯಾಚಾರ ಪ್ರಕರಣಗಳಲ್ಲಿ ಮುಂಬೈ ಪೊಲೀಸರು ವಶಪಡಿಸಿಕೊಂಡವು' ಎಂಬ ಒಕ್ಕಣೆಯೊಂದಿಗೆ ಈ ಚಿತ್ರ ಮುಂಬೈ ಭಾಗದ ಮಾಟುಂಗಾ, ಡೊಂಬಿವಲಿಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಒಕ್ಕಣೆ ಶುದ್ಧ ಸುಳ್ಳು.

ಇದು 'ನೀನೇನು ತೊಟ್ಟಿದ್ದೆ?' ಎಂಬ ಪ್ರತಿಷ್ಠಾಪನಾ ಕಲೆ, ಅಂದರೆ ವಸ್ತುಗಳನ್ನೇ ಜೋಡಿಸಿಟ್ಟು ರೂಪಿಸಿದ ಕಲಾಕೃತಿ. 2014ರಲ್ಲಿ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಮೊದಲು ಪ್ರದರ್ಶನಗೊಂಡು, ಬಳಿಕ ಅನೇಕ ಕಡೆ ಮರುರೂಪ ಪಡೆಯಿತು. ದೌರ್ಜನ್ಯಕ್ಕೊಳಗಾದವರು ಅಂದು ತೊಟ್ಟಿದ್ದೇನೆಂದು ಹೇಳುತ್ತಾರೆ. ಅದನ್ನು ಹೋಲುವ ಬೇರೆ ಬಟ್ಟೆ ತಂದು, ಪಕ್ಕದಲ್ಲಿ ಅವರ ಮಾತನ್ನು ಹಾಕಲಾಗುತ್ತದೆ. ಹೆಸರು ಇರುವುದಿಲ್ಲ.

ನಮ್ಮಲ್ಲಿ ಸಾಕ್ಷ್ಯದ ಬಟ್ಟೆ ಮೊಹರಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ಗ್ಯಾಲರಿಗಲ್ಲ. ಸಂತ್ರಸ್ತೆಯ ಗುರುತು ಬಯಲುಮಾಡುವುದಂತೂ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. (ಮರುಕ ಹುಟ್ಟಿಸಲು ಸುಳ್ಳು ಏಕೆ ಬೇಕಿತ್ತೋ!) ಅಸಲಿ ಉಡುಪುಗಳ ಯೋಜನೆಯೂ ಇದೆ: ಬೆಂಗಳೂರಿನಲ್ಲಿ ಹುಟ್ಟಿದ ಬ್ಲ್ಯಾಂಕ್ ನಾಯ್ಸ್ ಎಂಬ ಸಂಘಟನೆ, ಕಿರುಕುಳದ ವೇಳೆ ತೊಟ್ಟಿದ್ದ ಬಟ್ಟೆಯನ್ನು ಮಹಿಳೆಯರಿಂದಲೇ ಸಂಗ್ರಹಿಸುತ್ತದೆ, ಅವರು ಇಷ್ಟಪಟ್ಟು ಕೊಟ್ಟರೆ ಮಾತ್ರ.