ನೆಕ್ಸ್ಟ್ ಸ್ಲೈಡ್ ಪ್ಲೀಸ್

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಯಾವ ಗಾಜಿನ ಕಟ್ಟಡಕ್ಕಾದರೂ ಹೋಗಿ, ಯಾವ ಮಹಡಿಯ ಮೀಟಿಂಗ್ ರೂಮಿನ ಬಾಗಿಲಾದರೂ ತಳ್ಳಿ. ಒಳಗೆ ಎಂಟತ್ತು ಜನ ಗೋಡೆ ನೋಡುತ್ತಾ ಕೂತಿರುತ್ತಾರೆ. ಗೋಡೆಯ ಮೇಲೆ ಒಂದು ಸ್ಲೈಡು. ಅದರ ತುಂಬಾ ಇರುವೆ ಸೈಜಿನ ಅಕ್ಷರ. ಒಬ್ಬ ಎದ್ದು ನಿಂತು ಅದನ್ನೇ ಜೋರಾಗಿ ಓದುತ್ತಿರುತ್ತಾನೆ. ಕೂತವರೆಲ್ಲ ಬಿಇ, ಎಂಬಿಎ ಮಾಡಿದವರು, ಓದೋಕೆ ಬರುತ್ತೆ. ಆದರೂ ಓದಿ ಹೇಳುತ್ತಾನೆ. ಮಧ್ಯೆ ಮಧ್ಯೆ "ಇದು ನಿಮಗೆ ಕಾಣಲಿಕ್ಕಿಲ್ಲ, ಆದರೂ..." ಅನ್ನುತ್ತಾನೆ. ಕಾಣಲ್ಲ ಅಂತ ಗೊತ್ತಿದ್ದೂ ಯಾಕೆ ಹಾಕಿದೆ ಮಾರಾಯ ಅಂತ ಈವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಮುಂದಿನ ವಾರದ ಪಿಪಿಟಿ ಕೇಳಿದವನ ತಲೆಗೇ ಬೀಳುತ್ತದೆ.

ಇದಕ್ಕೂ ಮೊದಲಿನ ಹತ್ತು ನಿಮಿಷ ಕೇಬಲ್ ಹುಡುಕುವುದರಲ್ಲಿ ಹೋಗಿರುತ್ತದೆ. ಎಚ್‌ಡಿಎಂಐ ಸಿಕ್ಕರೆ ಲ್ಯಾಪ್‌ಟಾಪಿಗೆ ತೂತಿಲ್ಲ, ತೂತಿದ್ದರೆ ಪ್ರೊಜೆಕ್ಟರಿನ ರಿಮೋಟ್ ಇಲ್ಲ. ಆಮೇಲೆ "ನನ್ನ ಸ್ಕ್ರೀನ್ ಕಾಣ್ತಿದ್ಯಾ?" ಎಂಬ ಪ್ರಶ್ನೆ. ಪುಣೆಯವರು ಕಾಣ್ತಿದೆ ಅಂತಾರೆ, ಹೈದರಾಬಾದಿನವರು ಇಲ್ಲ ಅಂತಾರೆ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ವಾಟ್ಸಾಪ್ ಮೆಸೇಜು ಪುಟ್ಟನೆ ಮೂಡುತ್ತದೆ: "ಬರ್ತಾ ಎರಡು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ, ಮರೀಬೇಡಿ." ರೂಮಿನ ಅಷ್ಟೂ ಕಣ್ಣು ಅಲ್ಲಿಗೇ ಹೋಗುತ್ತವೆ. ಅವತ್ತಿಡೀ ಆ ಗೋಡೆಯ ಮೇಲೆ ಎಲ್ಲರಿಗೂ ಪೂರ್ತಿ ಅರ್ಥವಾದ ವಿಷಯ ಅದೊಂದೇ. ಏನು ಬೇಕು, ಎಷ್ಟು ಬೇಕು, ಯಾರು ತರಬೇಕು, ಎಲ್ಲ ಇದೆ.

ಸ್ಲೈಡು ಹೇಗಿರಬೇಕು ಅಂತ ಹೇಳುವವರಿಗೇನೂ ಬರ ಇಲ್ಲ. ಗೈ ಕವಾಸಾಕಿ ಎಂಬವರ 10-20-30ರ ಸೂತ್ರ ಎಲ್ಲರಿಗೂ ಬಾಯಿಪಾಠ: ಹತ್ತೇ ಸ್ಲೈಡು, ಇಪ್ಪತ್ತೇ ನಿಮಿಷ, ಅಕ್ಷರ ಮೂವತ್ತು ಪಾಯಿಂಟಿಗಿಂತ ಸಣ್ಣದು ಬೇಡ. ಕಂಪನಿಗಳು ಇದನ್ನು ಕಲಿಸೋಕೆ ಸ್ಟಾರ್ ಹೋಟೆಲಿನಲ್ಲಿ ಎರಡು ದಿನದ ತರಬೇತಿಯನ್ನೂ ಇಡುತ್ತವೆ. "ಸ್ಲೈಡಿನಲ್ಲಿ ಪದ ಕಡಿಮೆ ಇರಲಿ" ಎಂಬ ಮಾತನ್ನು ಅಲ್ಲಿ ಹನ್ನೆರಡು ಬುಲೆಟ್ ಪಾಯಿಂಟಿನಲ್ಲಿ ವಿವರಿಸುತ್ತಾರೆ. ಆಮೇಲೆ ಬಫೆ, ಸರ್ಟಿಫಿಕೇಟು, ಗ್ರೂಪ್ ಫೋಟೊ.

ಈ ತರಬೇತಿಯವರು ಪಾಪ, ಒಂದು ತಪ್ಪು ತಿಳಿದಿದ್ದಾರೆ. ನಮ್ಮವರಿಗೆ ಅರ್ಥವಾಗುವ ಹಾಗೆ ಸ್ಲೈಡು ಮಾಡೋಕೆ ಬರಲ್ಲ ಅಂದುಕೊಂಡಿದ್ದಾರೆ. ಚೆನ್ನಾಗಿಯೇ ಬರುತ್ತೆ. ಅರ್ಥವಾಗದ ಹಾಗೆ ಮಾಡೋದಕ್ಕೇ ನಮ್ಮಲ್ಲಿ ಸಂಬಳ.

ಹೇಗೆ ಅಂತ ಒಂದು ಸ್ಲೈಡಿನ ಜಾತಕ ಬಿಡಿಸಿ ನೋಡೋಣ. ಸೋಮವಾರ ಬೆಳಿಗ್ಗೆ ಒಬ್ಬ ಹುಡುಗ, ಹೊಸದಾಗಿ ಸೇರಿದವನು, ಹೀಗೆ ಬರೆಯುತ್ತಾನೆ: "ಆ್ಯಪ್ ಮಾರ್ಚಿಗೆ ಆಗುವುದಿಲ್ಲ. ಟೆಸ್ಟಿಂಗಿಗೆ ಇಬ್ಬರು ಬೇಕು ಅಂತ ಕೇಳಿದ್ದೆವು, ಕೊಡಲಿಲ್ಲ. ಜೂನ್ ಆಗುತ್ತದೆ." ಮೂರೇ ಸಾಲು. ಟೀಮ್ ಲೀಡ್ ನೋಡಿ ಗಾಬರಿಯಾಗುತ್ತಾನೆ. "ಆಗುವುದಿಲ್ಲ ಅಂತೆಲ್ಲ ಹಾಕ್ತಾರೇನೋ? ಟೈಮ್‌ಲೈನ್ ರೀ-ಅಲೈನ್‌ಮೆಂಟ್ ಅಂತ ಹಾಕು." ಮಂಗಳವಾರ ಅದು ಮ್ಯಾನೇಜರ್ ಹತ್ತಿರ ಹೋಗುತ್ತದೆ. "ಕೊಡಲಿಲ್ಲ ಅಂದ್ರೆ ಯಾರು ಕೊಡಲಿಲ್ಲ? ನಾನೇ ಅಲ್ವಾ?" ಆ ಸಾಲು ಹೋಗಿ "ರಿಸೋರ್ಸ್ ಆಪ್ಟಿಮೈಸೇಶನ್: ಒಂದು ಅವಕಾಶ" ಎಂದಾಗುತ್ತದೆ. ಬುಧವಾರ ಡೈರೆಕ್ಟರ್ ಮೇಡಂ "ಜೂನ್" ಎಂಬ ಪದ ತೆಗೆಸಿ ಬಲಕ್ಕೆ ತಿರುಗಿದ ಒಂದು ದಪ್ಪ ಬಾಣ ಹಾಕಿಸುತ್ತಾರೆ. ಬಾಣಕ್ಕೆ ತಾರೀಕು ಇರುವುದಿಲ್ಲ. ಗುರುವಾರ ಬ್ರ್ಯಾಂಡ್ ಟೀಮಿನವರು ಬಂದು, ಲೋಗೊ ಎರಡು ಮಿಲಿಮೀಟರ್ ಎಡಕ್ಕೆ ಸರಿದಿದೆ ಅಂತ ಇಡೀ ಫೈಲು ವಾಪಸ್ ಕಳಿಸುತ್ತಾರೆ. ಅಷ್ಟೂ ಜನರ ಕೈ ದಾಟಿದ ಸ್ಲೈಡಿನಲ್ಲಿ ಅವರ ಕಣ್ಣಿಗೆ ಬಿದ್ದ ತಪ್ಪು ಅದು.

ಶುಕ್ರವಾರದ ಮೀಟಿಂಗಿನಲ್ಲಿ ಆ ಬಾಣದ ಪಕ್ಕ ಒಂದು ಹಸಿರು ಚುಕ್ಕೆ ಹೊಳೆಯುತ್ತಿರುತ್ತದೆ. ಕೆಂಪು ಅಂದರೆ ಅಪಾಯ, ಹಳದಿ ಅಂದರೆ ಎಚ್ಚರ, ಹಸಿರು ಅಂದರೆ ಎಲ್ಲ ಸರಿ. ಈ ಕಸುಬಿನವರೇ ಇಂಥ ರಿಪೋರ್ಟಿಗೆ ಕಲ್ಲಂಗಡಿ ಅಂತ ಹೆಸರಿಟ್ಟಿದ್ದಾರೆ. ಹೊರಗೆ ಹಸಿರು, ಕೊಯ್ದರೆ ಕೆಂಪು. ಮೀಟಿಂಗಿನಲ್ಲಿ ಯಾರೂ ಕೊಯ್ಯುವುದಿಲ್ಲ. "ನೆಕ್ಸ್ಟ್ ಸ್ಲೈಡ್ ಪ್ಲೀಸ್" ಅಂತಾರೆ. ಫೈಲಿನ ಹೆಸರು ಅಷ್ಟೊತ್ತಿಗೆ "ಫೈನಲ್, ನಿಜವಾದ ಫೈನಲ್, ವಿ-9" ಆಗಿರುತ್ತದೆ.

ನಗುವ ವಿಷಯ ಇದು, ಆದರೆ ಒಂದು ಕಡೆ ನಗೋಕಾಗಲ್ಲ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿದ ಒಂದೂವರೆ ನಿಮಿಷದೊಳಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರುಗಳು ನಾಸಾದ ಹಿರಿಯರಿಗೆ ಸ್ಲೈಡು ತೋರಿಸಿದರು. ಒಂದು ಸ್ಲೈಡಿನ ತಲೆಬರಹ, ಪರೀಕ್ಷೆಯ ಲೆಕ್ಕ ನೋಡಿದರೆ ಗಾಬರಿ ಬೇಡ ಅನ್ನುವ ಧಾಟಿಯಲ್ಲಿತ್ತು. ಕೆಳಗೆ, ಬುಲೆಟ್ಟಿನ ಹೊಟ್ಟೆಯೊಳಗಿನ ಬುಲೆಟ್ಟಿನಲ್ಲಿ, ಕೊನೆಯ ಸಾಲಿನಲ್ಲಿ ಎರಡು ಅಂಕಿ ಇದ್ದವು. ಪರೀಕ್ಷೆ ಮಾಡಿದ ತುಂಡಿನ ಗಾತ್ರ 3 ಘನ ಇಂಚು, ಇಲ್ಲಿಯದು 1920. ಅಂದರೆ 640 ಪಟ್ಟು ದೊಡ್ಡದು. ಫೆಬ್ರವರಿ 1ರಂದು ವಾಪಸ್ ಬರುವಾಗ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ನೌಕೆ ಬಿದ್ದದ್ದು ರೆಕ್ಕೆಗೆ ಆದ ತೂತಿನಿಂದ, ಸ್ಲೈಡಿನಿಂದಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಪವರ್‌ಪಾಯಿಂಟಿನ ಹೆಸರು ಹಿಡಿದೇ ಬರೆಯಿತು. ತಾಂತ್ರಿಕ ವರದಿ ಇರಬೇಕಾದ ಜಾಗದಲ್ಲೆಲ್ಲ ಸ್ಲೈಡು ಕೂತಿರುವುದೇ ಕಾಯಿಲೆಯ ಒಂದು ಲಕ್ಷಣ ಎಂದಿತು. ಅಂಥ ವರದಿ ಬಂದ ಮೇಲೂ ಕೆಟ್ಟ ಸುದ್ದಿಗೆ ಕೊನೆಯ ಸಾಲಿನ ಸೀಟು ಖಾಯಂ ಆಗಿಯೇ ಇದೆ.

ಈ ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ, ಅದೂ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿಗೆ. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಆ ಕಂಪನಿಯನ್ನೇ ಕೊಂಡಿತು. ಮೊದಲ ಆವೃತ್ತಿ ಕಪ್ಪು-ಬಿಳುಪು. ಹಸಿರು ಚುಕ್ಕೆ ಹಾಕೋಕೆ ಆಗ್ತಾನೇ ಇರಲಿಲ್ಲ. ಪುಣ್ಯದ ಕಾಲ.

2004ರಲ್ಲಿ ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ ತಮ್ಮ ಹಿರಿಯ ಅಧಿಕಾರಿಗಳ ಮೀಟಿಂಗಿಗೆ ಸ್ಲೈಡೇ ಬೇಡ ಅಂದರು. ಪೂರ್ತಿ ವಾಕ್ಯದಲ್ಲಿ ಬರೆದು ತನ್ನಿ, ಎಲ್ಲರೂ ಕೂತು ಸುಮ್ಮನೆ ಓದೋಣ, ಆಮೇಲೆ ಮಾತು. ಆರು ಪುಟದ ಆ ಟಿಪ್ಪಣಿ ಈಗ ಜಗತ್ಪ್ರಸಿದ್ಧ. ನಮ್ಮಲ್ಲಿ ಇದನ್ನು ತಂದರೆ ಏನಾಗುತ್ತದೆ ಅಂತ ನನಗೆ ಈಗಲೇ ಕಾಣುತ್ತಿದೆ. ಸ್ಲೈಡುಗಳನ್ನೇ ವರ್ಡ್ ಫೈಲಿಗೆ ಅಂಟಿಸಿ, ಪುಟ ಅಡ್ಡ ತಿರುಗಿಸಿ, ಪ್ರಿಂಟ್ ತಂದಿಡುತ್ತಾರೆ. ಪೂರ್ತಿ ವಾಕ್ಯ ಬರೆಯೋದು ನಮ್ಮವರಿಗೆ ಭಯ. ವಾಕ್ಯ ಅಂದ ಮೇಲೆ ಯಾರು ಮಾಡಿದ್ದು, ಏನು ಮಾಡಿದ್ದು, ಎರಡೂ ಹೇಳಬೇಕಾಗುತ್ತೆ. ಬುಲೆಟ್ಟಿಗೆ ಆ ಹಂಗಿಲ್ಲ. "ವಿಳಂಬ ನಿವಾರಣಾ ಕ್ರಮಗಳು" ಅಂದರೆ ಮುಗಿಯಿತು, ಯಾರ ಕೊರಳಿಗೂ ಗಂಟೆ ಬೀಳಲ್ಲ.

ಅಫ್ಘಾನಿಸ್ತಾನದಲ್ಲಿ ಅಮೆರಿಕನ್ ಸೇನಾಧಿಕಾರಿಗಳಿಗೆ ಒಂದು ಸ್ಲೈಡು ತೋರಿಸಿದರಂತೆ. ಯುದ್ಧತಂತ್ರದ ನಕ್ಷೆ, ತುಂಬಾ ಸಿಕ್ಕುಸಿಕ್ಕಾದ ಗೆರೆಗಳು. ಜನರಲ್ ಮೆಕ್ರಿಸ್ಟಲ್ ನೋಡಿ, ಈ ಸ್ಲೈಡು ನಮಗೆ ಅರ್ಥವಾದ ದಿನ ಯುದ್ಧ ಗೆದ್ದ ಹಾಗೆ ಅಂದರು ಎಂದು 2010ರಲ್ಲಿ ಪತ್ರಿಕೆಯಲ್ಲಿ ಬಂತು. ಅವರು ಜನರಲ್, ಹೇಳಿ ದಕ್ಕಿಸಿಕೊಂಡರು. ನಮ್ಮ ಮೀಟಿಂಗಿನಲ್ಲಿ ಅರ್ಥವಾಗದವರು ತಲೆ ಜೋರಾಗಿ ಆಡಿಸುತ್ತಾರೆ.

ಇನ್ನು ಹೂಡಿಕೆದಾರರ ಮುಂದೆ ಇಡುವ ಸ್ಲೈಡುಗಳ ಖದರೇ ಬೇರೆ. ಸ್ಟಾರ್ಟಪ್ಪಿನವರ ಲೆಕ್ಕ ಒಂದೇ: ದೇಶದಲ್ಲಿ 140 ಕೋಟಿ ಜನ, ಶೇ. 1 ಜನ ಕೊಂಡರೂ ಸಾಕು. ಆ ಒಬ್ಬೊಬ್ಬರೂ ಯಾಕೆ ಕೊಳ್ಳಬೇಕು ಎಂಬುದಕ್ಕೆ ಸ್ಲೈಡು ಇರಲ್ಲ. ಸರ್ಕಾರವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡಿಗೆ ಜಮೀನಿನ ಅಂತಿಮ ನೋಟಿಫಿಕೇಶನ್ ಆದದ್ದು 2007ರಲ್ಲಿ. ರಸ್ತೆ ಆಗಲಿಲ್ಲ, ಹೆಸರು ಮಾತ್ರ ಬೆಂಗಳೂರು ಬ್ಯುಸಿನೆಸ್ ಕಾರಿಡಾರ್ ಆಯಿತು. ಇಂಥ ಯೋಜನೆಗಳ ಸ್ಲೈಡಿನಲ್ಲಿ ಸದಾ ಮಳೆ ನಿಂತ ಬೆಳಗು. ಗುಂಡಿ ಇಲ್ಲ, ಟ್ಯಾಂಕರ್ ಇಲ್ಲ, ಎದುರುಗಡೆಯಿಂದ ನುಗ್ಗುವ ಸ್ಕೂಟರ್ ಇಲ್ಲ. ಫುಟ್‌ಪಾತಿನ ಮೇಲೆ ವಿದೇಶಿ ದಂಪತಿ ನಾಯಿ ಹಿಡಿದು ವಾಕಿಂಗ್ ಹೋಗುತ್ತಿರುತ್ತಾರೆ. ಬಹುಶಃ ಜಮೀನಿನ ಪರಿಹಾರ ಅವರಿಗೇ ಸಿಕ್ಕಿರಬೇಕು.

ಹಾಗಾದರೆ ನಮ್ಮವರು ಒಳ್ಳೆಯ ಸ್ಲೈಡು ಮಾಡಿದ್ದೇ ಇಲ್ವಾ? ಮಾಡಿದ್ದಾರೆ. ಪ್ರತಿ ಕಂಪನಿಯಲ್ಲೂ ವರ್ಷಕ್ಕೊಂದು ಇರುತ್ತೆ, ಟೀಮ್ ಔಟಿಂಗಿನದು. ಒಂದು ಕಡೆ ಎಚ್‌ಆರ್ ಹುಡುಗಿ ಐದು ನಿಮಿಷದಲ್ಲಿ ಮಾಡಿದ್ದು ಹೀಗಿತ್ತು: "ಶನಿವಾರ. ಬೆಳಿಗ್ಗೆ 7. ಬಸ್ಸು 2ನೇ ಗೇಟಿನ ಎದುರು. ತಡವಾದರೆ ಕಾಯಲ್ಲ. ತಿಂಡಿ ಬಿಡದಿಯಲ್ಲಿ, ತಟ್ಟೆ ಇಡ್ಲಿ." ಅಷ್ಟೇ. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಅಷ್ಟೂ ಜನ ಬಸ್ಸಿನಲ್ಲಿದ್ದರು.

ಈ ಸ್ಲೈಡು ದೊಡ್ಡ ಸಾಹೇಬರಿಗೆ ಬಹಳ ಹಿಡಿಸಿತು. ಎಂಥಾ ಸ್ಪಷ್ಟತೆ, ಇದನ್ನು ಮಾದರಿ ಮಾಡಿ ಅಂದರು. ಮರುವರ್ಷ ಔಟಿಂಗಿಗೆ ಒಂದು ಸಮಿತಿಯಾಯಿತು. ಸಮಿತಿ ಅದನ್ನು ಟೆಂಪ್ಲೇಟಿಗೆ ಇಳಿಸಿತು. ಮೊದಲ ಸ್ಲೈಡು "ವಿಷನ್". ಎರಡನೆಯದು ಔಟಿಂಗಿನ ಐದು ಸ್ತಂಭಗಳು. ಬೆಳಿಗ್ಗೆ ಏಳು ಎಂಬುದು "ಅರ್ಲಿ ಮಾರ್ನಿಂಗ್ ಮೊಬಿಲಿಟಿ ವಿಂಡೋ" ಆಯಿತು. ಇಡ್ಲಿ "ರೀಜನಲ್ ಕ್ಯುಸೀನ್ ಎಂಗೇಜ್‌ಮೆಂಟ್" ಆಯಿತು. ಬಸ್ಸಿನ ಟೈಮು ಮತ್ತು ಗೇಟು, ನಕ್ಷತ್ರ ಚಿಹ್ನೆ ಹಾಕಿ, ಕೊನೆಯ ಸ್ಲೈಡಿನ ಕೊನೆಯ ಸಾಲಿಗೆ ಹೋದವು. ಎಲ್ಲ ಸಾಲಿನ ಪಕ್ಕದಲ್ಲೂ ಒಂದೊಂದು ಹಸಿರು ಚುಕ್ಕೆ.

ಶನಿವಾರ ಅರ್ಧ ಜನ 1ನೇ ಗೇಟಿನಲ್ಲಿ ನಿಂತಿದ್ದರು. ಉಳಿದರ್ಧದಲ್ಲಿ ಕೆಲವರು ಇನ್ನೂ ಮನೆಯಲ್ಲಿದ್ದರು. ದೊಡ್ಡ ಸಾಹೇಬರು ಕ್ಯಾಪು, ಕೂಲಿಂಗ್ ಗ್ಲಾಸು ಹಾಕಿಕೊಂಡು ಒಂಬತ್ತಕ್ಕೆ ಬಂದಿಳಿದರು. ಬಸ್ಸು ಆಗಲೇ ಹೋಯ್ತು ಸರ್ ಅಂದಳು ಎಚ್‌ಆರ್ ಹುಡುಗಿ. ಸಾಹೇಬರಿಗೆ ನಂಬಿಕೆಯೇ ಬರಲಿಲ್ಲ.

"ಹೋಯ್ತಾ? ಹೇಗೆ ಹೋಗುತ್ತಮ್ಮಾ? ಸ್ಲೈಡಿನಲ್ಲಿ ಎಲ್ಲ ಹಸಿರೇ ಇತ್ತಲ್ಲ!"