ಬ್ಯಾಂಕೇ ಒಪ್ಪಿದ ಮೇಲೆ

ಹಾಸನದ ಹೊರವಲಯದಲ್ಲಿ ಈಗ ಕಟ್ಟಡಕ್ಕಿಂತ ಮೊದಲು ಫಲಕ ಏಳುತ್ತದೆ. ಫಲಕದಲ್ಲಿ ಈಜುಕೊಳವಿರುತ್ತದೆ, ಅದರ ದಂಡೆಯಲ್ಲಿ ನಮ್ಮ ಜಿಲ್ಲೆಯ ಯಾವ ತಾಲ್ಲೂಕಿಗೂ ಸೇರದ ಬೆಳ್ಳನೆಯ ಕುಟುಂಬವೊಂದು ನಗುತ್ತಿರುತ್ತದೆ, ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಎಲ್ಲ ಪ್ರಮುಖ ಬ್ಯಾಂಕುಗಳಿಂದ ಅನುಮೋದಿತ’ ಎಂದು ಬರೆದಿರುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದೆಯೇ, ಪಾಲಿಕೆ ಒಪ್ಪಿದೆಯೇ, ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿ ಇತ್ತು, ಈಗ ಎಷ್ಟು ಎದ್ದಿದೆ ಎಂಬ ಕ್ಷುಲ್ಲಕ ಸಂಗತಿಗಳಿಗೆ ಫಲಕದಲ್ಲಿ ಜಾಗ ಸಾಲದು. ಬ್ಯಾಂಕೇ ಒಪ್ಪಿದ ಮೇಲೆ ಇನ್ನೇನು? ಬ್ಯಾಂಕಿನವರೇನು ದಡ್ಡರೇ?

ಖಂಡಿತ ಅಲ್ಲ. ಅವರು ಜಾಣರಾದ್ದರಿಂದಲೇ ಆ ಜಮೀನಿನ ಮೂಲಪತ್ರಗಳು ಅವರ ಕಪಾಟಿನೊಳಗಿವೆ. ಡೆವಲಪರ್ ಸಾಹೇಬರು ಕಟ್ಟಲು ಸಾಲ ತಂದಿದ್ದಾರೆ. ಆ ಸಾಲಕ್ಕೆ ಭೂಮಿಯೂ, ಅದರ ಮೇಲೆ ಎದ್ದಿರುವ ಮತ್ತು ಏಳಲಿರುವ ಸಮಸ್ತವೂ ಅಡಮಾನವಾಗಿದೆ. ‘ಬ್ಯಾಂಕು ಸಾಲ ಕೊಟ್ಟಿದೆ ಎಂದರೆ ನಮ್ಮ ಕಾಗದಪತ್ರ ಎಷ್ಟು ಶುದ್ಧವಾಗಿರಬೇಕು, ನೀವೇ ಯೋಚಿಸಿ’ ಎಂದು ಅವರು ಹೇಳುವುದು, ಗಿರವಿ ಇಟ್ಟ ಸರದ ಚೀಟಿ ತೋರಿಸಿ ‘ಅಂಗಡಿಯವನೇ ಉಜ್ಜಿ ನೋಡಿದ್ದಾನೆ, ಅಪ್ಪಟ ಚಿನ್ನ, ಕೊಳ್ಳಿ’ ಎಂದ ಹಾಗೆ. ಕೇಳಿದವರು ತಲೆದೂಗುತ್ತಾರೆ. ಬ್ಯಾಂಕಿನ ವಕೀಲರು ಅಭಿಪ್ರಾಯ ಬರೆದದ್ದು ಬ್ಯಾಂಕಿನ ದುಡ್ಡು ಕಾಯಲಿಕ್ಕೆ, ನಿಮ್ಮ ಭವಿಷ್ಯನಿಧಿ ಕಾಯಲಿಕ್ಕಲ್ಲ ಎಂದು ಯಾರಾದರೂ ನೆನಪಿಸಿದರೆ ಅಂಥವರನ್ನು ಗೃಹಪ್ರವೇಶಕ್ಕೆ ಕರೆಯುವುದಿಲ್ಲ.

ಗೃಹಪ್ರವೇಶವಂತೂ ತಪ್ಪುವುದಿಲ್ಲ. ಕಟ್ಟಡ ನಕ್ಷೆಯ ಪ್ರಕಾರವೇ ಮುಗಿದಿದೆ, ಇನ್ನು ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಕಾಗದಕ್ಕೆ ಸ್ವಾಧೀನಾನುಭವ ಪ್ರಮಾಣಪತ್ರ ಎಂದು ಹೆಸರು, ಊರವರ ಬಾಯಲ್ಲಿ ಓಸಿ. ಆದರೆ ಮಾಘ ಮಾಸದ ಲಗ್ನ ಪಾಲಿಕೆಯ ಟಪಾಲಿಗೆ ಕಾಯುತ್ತದೆಯೇ? ಲಿಫ್ಟಿನ ಗುಂಡಿಯಲ್ಲಿ ಲಿಫ್ಟ್ ಬದಲು ಮಳೆನೀರು ನಿಂತಿರುವುದರಿಂದ ಹಸುವನ್ನು ಕಾರು ನಿಲ್ಲಿಸುವ ಜಾಗದಲ್ಲೇ ಪೂಜಿಸಿ ಕಳುಹಿಸುತ್ತಾರೆ. ಮೂರನೆಯ ಮಹಡಿಗೆ ಅದರ ಪರವಾಗಿ ಬೆಳ್ಳಿಯ ಹಸು ಹೋಗುತ್ತದೆ. ಹಾಲು ಉಕ್ಕುತ್ತದೆ. ಉಕ್ಕಿಸಿದ ವಿದ್ಯುತ್ತು ಕಟ್ಟಡದ ಕೆಲಸಕ್ಕೆಂದು ಪಡೆದ ತಾತ್ಕಾಲಿಕ ಸಂಪರ್ಕದ್ದು. ಕಾಂಕ್ರೀಟ್ ಮಿಕ್ಸರ್ ತಿರುಗಿಸುತ್ತಿದ್ದ ಮೀಟರು ಈಗ ಹನ್ನೆರಡು ಸಂಸಾರಗಳ ಫ್ರಿಜ್ಜು, ಟಿ.ವಿ. ಎಳೆಯುತ್ತಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಕಟ್ಟಡ ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ನೋಡಿಯೇ ನೀರು, ವಿದ್ಯುತ್ತು, ಒಳಚರಂಡಿ ಕೊಡಿ, ಬ್ಯಾಂಕುಗಳೂ ಅದನ್ನು ನೋಡಿಕೊಂಡೇ ಕಟ್ಟಡದ ಭದ್ರತೆಯ ಮೇಲೆ ಸಾಲ ಕೊಡಲಿ ಎಂದು ಹೇಳಿತು. ಡೆವಲಪರ್ ಸಾಹೇಬರು ಈ ತೀರ್ಪನ್ನು ಅತ್ಯಂತ ಗೌರವದಿಂದ ಸ್ವಾಗತಿಸಿ, ನೀರಿನ ಟ್ಯಾಂಕರಿನವನಿಗೆ ಫೋನು ಮಾಡಿದರು.

ಒಂದೇ ಕಟ್ಟಡ ಒಂದೊಂದು ಕಚೇರಿಯಲ್ಲಿ ಒಂದೊಂದು ಅವತಾರ ಎತ್ತುವ ಚೋದ್ಯವನ್ನೂ ನೋಡಬೇಕು. ಮಾರಾಟದ ಹುಡುಗನ ಬಾಯಲ್ಲಿ ಅದು ‘ವಾಸಕ್ಕೆ ಸಿದ್ಧ’. ತೆರಿಗೆಯ ಲೆಕ್ಕದಲ್ಲಿ ಇನ್ನೂ ನಿರ್ಮಾಣ ಹಂತದ್ದು: ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ, ಬರುವ ಮೊದಲು ಕೊಂಡರೆ ಸಾಮಾನ್ಯ ಫ್ಲಾಟಿಗೆ ಶೇ 5, ಕೈಗೆಟಕುವ ವರ್ಗದ್ದಕ್ಕೆ ಶೇ 1. ಸಿದ್ಧವಾದ ಮನೆಗೆ ಸಿದ್ಧವಾಗದ ತೆರಿಗೆ. ಪಾಲಿಕೆಯ ಕಡತದಲ್ಲಿ ಅದು ನಕ್ಷೆ ಮೀರಿದ ಒಂದು ಮಹಡಿ. ಬ್ಯಾಂಕಿನಲ್ಲಿ ಭದ್ರತೆ. ಉಪನೋಂದಣಾಧಿಕಾರಿಗೆ ಒಂದು ದಸ್ತಾವೇಜು, ಅಷ್ಟೇ. ಅವರು ನೋಂದಾಯಿಸುವುದು ಪತ್ರವನ್ನು, ಮಾರುವವನಿಗೆ ಹಕ್ಕಿದೆ ಎಂಬ ಖಾತರಿಯನ್ನಲ್ಲ. ಇಷ್ಟು ಜನರಲ್ಲಿ ಅದನ್ನು ಮನೆ ಎಂದು ತಿಳಿದಿರುವವರು ದುಡ್ಡು ಕೊಟ್ಟವರೊಬ್ಬರೇ.

ಕಾನೂನು ಇಲ್ಲವೇ ಎಂದರೆ, ಇದೆ, ಧಾರಾಳವಾಗಿ ಇದೆ. ಮನೆ ಕೊಳ್ಳುವವರನ್ನು ಕಾಯಲೆಂದು 2016ರ ರೇರಾ ಕಾಯ್ದೆ ಬಂದಾಗ ಡೆವಲಪರುಗಳು ಅದನ್ನು ಕೊಳ್ಳುವವರಿಗಿಂತ ಶ್ರದ್ಧೆಯಿಂದ ಓದಿದರು. ಜಾಗ ಐನೂರು ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲಾಟುಗಳು ಎಂಟನ್ನು ಮೀರದಿದ್ದರೆ, ನೋಂದಣಿ ಬೇಡ ಎಂಬ ಸಾಲು ಕಣ್ಣಿಗೆ ಬಿದ್ದದ್ದೇ ತಡ, ಎಂಟು ಎಂಬ ಸಂಖ್ಯೆಗೆ ಅಪೂರ್ವ ಕಳೆ ಬಂತು. ಅಷ್ಟಲಕ್ಷ್ಮಿಯರಿದ್ದಾರೆ, ಅಷ್ಟದಿಕ್ಪಾಲಕರಿದ್ದಾರೆ, ನಮ್ಮಲ್ಲಿ ಎಂಟೇ ಫ್ಲಾಟು ಸಾರ್. ಪಕ್ಕದ ನಿವೇಶನದಲ್ಲಿ ಹೆಂಡತಿಯ ಹೆಸರಿನಲ್ಲಿ ಇನ್ನೆಂಟು, ಹಿಂದಿನದರಲ್ಲಿ ಭಾವಮೈದುನನ ಹೆಸರಿನಲ್ಲಿ ಮತ್ತೆಂಟು. ಗೇಟು ಒಂದೇ, ಸಂಪು ಒಂದೇ, ಕಾವಲುಗಾರನೂ ಒಬ್ಬನೇ. ಎಲ್ಲ ಹಂತಗಳನ್ನೂ ಸೇರಿಸಿ ಎಂಟು ಎಂದು ಕಾಯ್ದೆ ಹೇಳಿದೆಯಲ್ಲ ಎಂದರೆ, ‘ಇವು ಹಂತಗಳಲ್ಲ, ಸಂಬಂಧಿಕರು’ ಎಂಬ ಉತ್ತರ ಬರುತ್ತದೆ.

ನೋಂದಣಿಯಾದ ಯೋಜನೆಯಲ್ಲಿ ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಕ್ರಯದ ಕರಾರನ್ನು ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕರಾರಾದ ಮೇಲೆ ಆ ಫ್ಲಾಟನ್ನು ಅಡ ಇಡುವಂತಿಲ್ಲ. ಇಟ್ಟರೂ ಕೊಂಡವರ ಹಕ್ಕಿಗೆ ಬಾಧಕವಿಲ್ಲ ಎಂದು 11ನೆಯ ಸೆಕ್ಷನ್ ಹೇಳುತ್ತದೆ. ಇಷ್ಟು ಒಳ್ಳೆಯ ಸೆಕ್ಷನ್ ಇರುವಾಗ ಅದರಿಂದ ಪಾರಾಗುವ ದಾರಿಯೂ ಸರಳವೇ ಆಗಿರಬೇಕಲ್ಲ: ಮೊದಲು ಅಡ ಇಡುವುದು, ಆಮೇಲೆ ಮಾರುವುದು. ಕರಾರನ್ನು ಛಾಪಾ ಕಾಗದದ ಮೇಲೆ ಬರೆದು, ನೋಟರಿಯ ಕೆಂಪು ಮುದ್ರೆ ಒತ್ತಿಸಿ, ‘ನೋಂದಣಿ ಮಾಡಿಸಿದರೆ ನಿಮಗೇ ಸುಮ್ಮನೆ ಖರ್ಚು’ ಎಂದು ಕರುಣೆ ತೋರಿಸುವುದು. ಆ ಕೆಂಪು ಮುದ್ರೆಯ ಮುಂದೆ ನಮ್ಮ ಜನ ಕರಗುವ ಪರಿ ನೋಡಿದರೆ, ಕುಂಕುಮಕ್ಕೆ ಕೂಡ ಹೊಟ್ಟೆಕಿಚ್ಚು ಬಂದೀತು.

ಹಾಗೆಂದು ಕೊಳ್ಳುವವರು ಏನನ್ನೂ ಪರಿಶೀಲಿಸುವುದಿಲ್ಲ ಎಂದರೆ ಅನ್ಯಾಯವಾದೀತು. ಬೆಂಗಳೂರಿನಿಂದ ವಾಸ್ತು ಪಂಡಿತರು ಕಾರಿನಲ್ಲಿ ಬರುತ್ತಾರೆ. ಒಲೆ ಆಗ್ನೇಯದಲ್ಲಿದೆಯೇ, ಮುಂಬಾಗಿಲಿನ ಎದುರು ಕಂಬ ಬಂದಿದೆಯೇ ಎಂದು ದಿಕ್ಸೂಚಿ ಹಿಡಿದು ನೋಡುತ್ತಾರೆ, ಕೇಳಿದಷ್ಟು ದಕ್ಷಿಣೆಯನ್ನು ಎರಡು ಮಾತಿಲ್ಲದೆ ಪಡೆಯುತ್ತಾರೆ. ವಕೀಲರು ಮಾತ್ರ ಮೂವತ್ತು ವರ್ಷದ ಪತ್ರಗಳನ್ನು ಓದಿ ಅಭಿಪ್ರಾಯ ಕೊಡುತ್ತೇನೆ ಎಂದರೆ ಶುಲ್ಕದಲ್ಲಿ ಅರ್ಧಕ್ಕೆ ಚೌಕಾಸಿ.

ಅತಿ ಜಾಗರೂಕರಾದ ಕೆಲವರು ಋಣಭಾರ ಪ್ರಮಾಣಪತ್ರವನ್ನೂ ತೆಗೆಸುತ್ತಾರೆ. ಫ್ಲಾಟ್ ಸಂಖ್ಯೆ 302 ಎಂದು ಹಾಕುತ್ತಾರೆ, ನಮೂನೆ 16 ಬರುತ್ತದೆ: ಯಾವ ಋಣಭಾರವೂ ಇಲ್ಲ. ಎಂಥ ಆನಂದ! ದಾಖಲೆಯಲ್ಲಿ ಇನ್ನೂ ಹುಟ್ಟದ 302ರ ಮೇಲೆ ಸಾಲ ಇರುವುದಾದರೂ ಹೇಗೆ? ಸಾಲ ಕುಳಿತಿರುವುದು ಅದರ ಅಡಿಯ ಸರ್ವೆ ನಂಬರಿನ ಮೇಲೆ. ಆ ನಂಬರು ಹಾಕಿ ಹುಡುಕಬೇಕೆಂದು ಯಾರೂ ಹೇಳಿರುವುದಿಲ್ಲ. ಇನ್ನೂ ಒಂದು ಸೊಗಸಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಅಧಿಸೂಚಿತ ಪಟ್ಟಣಗಳಲ್ಲಿ ಭದ್ರತೆಗಾಗಿ ಹಕ್ಕುಪತ್ರಗಳನ್ನು ಸಾಲಗಾರನ ಕೈಯಿಂದ ಸಾಲ ಕೊಟ್ಟವನ ಕೈಗೆ ದಾಟಿಸಿದರೂ ಸಾಕು, ಅಡಮಾನ ಪೂರ್ಣ. ಅದನ್ನು ಯಾರೂ ನೋಂದಾಯಿಸದಿದ್ದರೆ ಋಣಭಾರ ಪತ್ರದಲ್ಲಿ ಅದರ ಸುಳಿವೂ ಇರದು. ಇಂಥವನ್ನು ಹಿಡಿಯಲಿಕ್ಕೆಂದೇ ಸೆರ್ಸೈ ಎಂಬ ಕೇಂದ್ರ ದಾಖಲೆ 2011ರಿಂದ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಅದರಲ್ಲಿ ಆಗ್ನೇಯ, ಈಶಾನ್ಯ ಏನೂ ಕಾಣಿಸದಿರುವುದರಿಂದ ನಮ್ಮವರಿಗೆ ಅಷ್ಟು ರುಚಿಸಿಲ್ಲ.

ಕೆಲಸ ಯಾಕೆ ಮುಗಿದಿಲ್ಲ ಎಂದು ಕೇಳಿದರೆ ಡೆವಲಪರ್ ಸಾಹೇಬರು ಇತಿಹಾಸಕ್ಕೆ ಇಳಿಯುತ್ತಾರೆ. ‘ಹಳೇಬೀಡು ನೋಡಿದ್ದೀರಲ್ಲ? 1121ರಲ್ಲಿ ಆರಂಭವಾದದ್ದು, ಇಂದಿಗೂ ಶಿಖರವಿಲ್ಲ. ಯುನೆಸ್ಕೊದವರು ಪಟ್ಟಿಗೆ ಸೇರಿಸಲಿಲ್ಲವೇ?’ ಮಾತು ನಿಜ. ಆದರೆ ಹೊಯ್ಸಳೇಶ್ವರನ ಗುಡಿಯನ್ನು ಯಾರೂ ಒತ್ತೆ ಇಟ್ಟು ಮತ್ತೊಬ್ಬರಿಗೆ ಮಾರಿರಲಿಲ್ಲ. ಅಲ್ಲದೆ ಆ ಕಾಲದ ಶಿಲ್ಪಿಗಳಿಗೆ ಒಂದು ದುರಭ್ಯಾಸವಿತ್ತು, ಮಾಡಿದ ಕೆಲಸದ ಕೆಳಗೆ ಹೆಸರು ಕೊರೆಯುತ್ತಿದ್ದರು. ಬೇಲೂರಿಗೆ ಹೋದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಒಂಬೈನೂರು ವರ್ಷಗಳ ನಂತರವೂ ಸಿಗುತ್ತಾರೆ. ನಮ್ಮ ಸಾಹೇಬರ ಹೆಸರು ಕರಾರಿನಲ್ಲೂ ಇಲ್ಲ. ಸಹಿ ಹಾಕಿದವನು ಅವರ ಅಧಿಕಾರಪತ್ರ ಹೊಂದಿದವನ ಅಧಿಕಾರಪತ್ರ ಹೊಂದಿದವನು.

ದ್ವಾರಸಮುದ್ರಕ್ಕೆ 1311ರಲ್ಲಿ ಮಲಿಕ್ ಕಾಫರ್ ಬಂದಾಗ ಮುಂಗಡ ನೋಟಿಸ್ ಕೊಟ್ಟಿರಲಿಲ್ಲ. ಈ ವಿಷಯದಲ್ಲಿ ನಾಗರಿಕತೆ ಬಹಳ ಮುಂದುವರಿದಿದೆ. ಸಾಲ ತೀರದಿದ್ದರೆ ಅಡ ಇಟ್ಟ ಸ್ವತ್ತನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅರವತ್ತು ದಿನಗಳ ನೋಟಿಸ್ ಕೊಡುತ್ತದೆ. ಕೊಡುವುದು ಸಾಲ ಮಾಡಿದವರಿಗೆ. ಸಾಲ ಮಾಡಿದವರು ಆ ಹೊತ್ತಿಗೆ ದುಬೈಯಲ್ಲೋ ಜಾಮೀನಿನ ಓಡಾಟದಲ್ಲೋ ಇರುತ್ತಾರೆ. 302ರವರಿಗೆ ಸುದ್ದಿ ತಿಳಿಯುವುದು ಗೇಟಿಗೆ ಅಂಟಿಸಿದ ಕಾಗದದಿಂದ, ಇಲ್ಲವೇ ಪತ್ರಿಕೆಯಿಂದ. ಸ್ವಾಧೀನದ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯಲ್ಲಿ ಪ್ರಕಟಿಸಲೇಬೇಕೆಂಬ ನಿಯಮವಿದೆ. ಸಾಲ ಕೊಡುವಾಗಿನ ನೂರು ಪುಟಗಳಲ್ಲಿ ಒಂದಕ್ಷರವೂ ಕಾಣದ ಕನ್ನಡ, ಮನೆಯಿಂದ ಹೊರಹಾಕುವಾಗ ಶಾಸ್ತ್ರೋಕ್ತವಾಗಿ ಬರುತ್ತದೆ. ಭಾಷಾಭಿಮಾನಿಗಳು ಗಮನಿಸಬೇಕು.

ಪರಿಹಾರವಿಲ್ಲದಿಲ್ಲ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ನಲವತ್ತೈದು ದಿನಗಳೊಳಗೆ ಅರ್ಜಿ ಹಾಕಬಹುದು. ರೇರಾಕ್ಕೂ ಸರ್ಫೇಸಿಗೂ ತಿಕ್ಕಾಟ ಬಂದರೆ ಮನೆ ಕೊಂಡವರ ದೂರಿನ ಮಟ್ಟಿಗೆ ರೇರಾ ಮೇಲುಗೈ ಎಂದು ರಾಜಸ್ಥಾನ ಹೈಕೋರ್ಟ್ ಹೇಳಿತು. 2022ರಲ್ಲಿ ಸುಪ್ರೀಂ ಕೋರ್ಟೂ ಅದರಲ್ಲಿ ಕೈಹಾಕಲಿಲ್ಲ. ರೇರಾ ಪ್ರಾಧಿಕಾರ ಹಣ ಕೊಡಿಸುವ ಆದೇಶ ಮಾಡಿದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು, ಎಂದರೆ ಕಡತ ಮತ್ತೆ ಕಂದಾಯ ಇಲಾಖೆಗೆ ಬರುತ್ತದೆ. ಅಲ್ಲಿಗೆ ಬಂದ ಮೇಲೆ ಅವಸರದ ಮಾತು ಬೇಡ. ನಕ್ಷೆ ಮೀರಿದ ಮಹಡಿಯ ಚಿಂತೆ ಯಾರಿಗೂ ಇಲ್ಲ, ಅಕ್ರಮ-ಸಕ್ರಮ ಬರುತ್ತದೆ ಎಂಬ ಭರವಸೆ ಇದೆ. ಅದಕ್ಕೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತ್ತು. ಭರವಸೆಗೆ ತಡೆ ಕೊಡುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ.

ಕುವೆಂಪು ನಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಇದೆಲ್ಲ ಓದಿಕೊಂಡು, ಚೀಟಿ ಬರೆದುಕೊಂಡು ಡೆವಲಪರ್ ಕಚೇರಿಗೆ ಹೋದರಂತೆ. ಓಸಿ ಎಲ್ಲಿ, 302ನ್ನು ಅಡಮಾನದಿಂದ ಬಿಡುಗಡೆ ಮಾಡಿದ್ದೇವೆ ಎಂದು ಬ್ಯಾಂಕು ಕೊಟ್ಟ ನಿರಾಕ್ಷೇಪಣಾ ಪತ್ರ ಎಲ್ಲಿ, ನನ್ನ ಹಣ ಯಾವ ಖಾತೆಗೆ ಹೋಗುತ್ತದೆ ಎಂದು ಕೇಳಿದರಂತೆ. ಸಾಹೇಬರು ಕಾಫಿ ತರಿಸಿ ಬಹಳ ನೊಂದ ದನಿಯಲ್ಲಿ, ‘ಮೇಷ್ಟ್ರೇ, ನಿಮ್ಮ ತಂದೆಯವರ ಕಾಲದಿಂದ ಬಲ್ಲೆ. ನೀವು ಮನೆ ಕೊಳ್ಳಲು ಬಂದಿದ್ದೀರೋ, ಪರೀಕ್ಷೆ ತೆಗೆದುಕೊಳ್ಳಲು ಬಂದಿದ್ದೀರೋ?’ ಎಂದರು. ಮೇಷ್ಟ್ರು ಕಾಫಿ ಕುಡಿದು ಎದ್ದು ಬಂದರು. ಫ್ಲಾಟು ಅದೇ ವಾರ ಮಾರಾಟವಾಯಿತು, ಮೇಷ್ಟ್ರಿಗೆ ಹೇಳಿದ್ದಕ್ಕಿಂತ ಲಕ್ಷ ರೂಪಾಯಿ ಹೆಚ್ಚಿಗೆ. ಕೊಂಡ ಗಂಡ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: ಎರಡು ಕಾರು ನಿಲ್ಲಿಸಬಹುದೇ? ನಿಲ್ಲಿಸಬಹುದು ಎಂದು ಸಾಹೇಬರು ಹೇಳಿದರು. ಅದನ್ನೂ ಬಾಯಿಮಾತಿನಲ್ಲೇ ಹೇಳಿದರು.